ನೀರು ಎಲ್ಲಿ ನಿಲ್ಲುತ್ತದೆ ನೋಡಿ, ಆಮೇಲೆ ಗಿಡ ನೆಡಿ

ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶ ಮುಗಿದ ವಾರಕ್ಕೆ ನರ್ಸರಿಗೆ ಹೋಗಿ ಆಟೋ ತುಂಬ ಗಿಡ ತರುತ್ತಾರೆ. ಒಂದು ಮಾವು, ಒಂದು ಸಪೋಟ, ಎರಡು ತೆಂಗು, ನಾಲ್ಕು ಗುಲಾಬಿ, ಒಂದೆರಡು ಪರಂಗಿ. ಜಾಗ ಕಂಡಲ್ಲಿ ಗುಂಡಿ ತೋಡಿ ನೆಟ್ಟುಬಿಡುತ್ತಾರೆ. ಮೂರು ವರ್ಷ ಕಳೆಯುವಷ್ಟರಲ್ಲಿ ಮಾವಿನ ನೆರಳಿಗೆ ಸೊಪ್ಪಿನ ಮಡಿ ಸೊರಗುತ್ತದೆ, ತೆಂಗು ಸಂಪಿನ ಪಕ್ಕದಲ್ಲೇ ದಪ್ಪವಾಗುತ್ತದೆ, ಪರಂಗಿ ಒಂದು ಜಡಿಮಳೆಗೆ ಬುಡ ಕೊಳೆತು ಮಲಗುತ್ತದೆ. ನಮ್ಮ ಮಣ್ಣೇ ಸರಿಯಿಲ್ಲ ಎಂದು ಮನೆಯವರು ಕೈಚೆಲ್ಲಿ, ಉಳಿದ ಜಾಗಕ್ಕೆ ಕಾಂಕ್ರೀಟ್ ಹಾಕಿಸುತ್ತಾರೆ. ಮನೆಯ ನಕ್ಷೆಗಾಗಿ ಎಂಜಿನಿಯರ್ ಬಳಿ ಹತ್ತು ಸಲ ಓಡಾಡುವ ನಾವು ಹಿತ್ತಲಿಗೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಈ ನಾಲ್ಕೂ ಊರುಗಳ ಸುತ್ತ ಹೊಸ ಬಡಾವಣೆಗಳು ಏಳುತ್ತಿರುವ ಹೊತ್ತಿನಲ್ಲಿ ಈ ಗೆರೆಯ ಬಗ್ಗೆಯೇ ಬರೆಯಬೇಕೆನ್ನಿಸಿತು.

ತೋಟಕ್ಕೆ ನಕ್ಷೆ ಬರೆಯುವುದನ್ನೇ ಒಂದು ಶಾಸ್ತ್ರವಾಗಿ ಮಾಡಿದ್ದು ಪರ್ಮಾಕಲ್ಚರ್. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಲ್ಮ್‌ಗ್ರೆನ್ ಸೇರಿ ಬರೆದ ಅದರ ಮೊದಲ ಪುಸ್ತಕ 1978ರಲ್ಲಿ ಬಂತು. ಜಪಾನಿನ ಸಹಜ ಕೃಷಿಕ ಮಸನೊಬು ಫುಕುವೋಕಾ ಅವರ 'ಒಂದು ಹುಲ್ಲಿನ ಕ್ರಾಂತಿ' ಪುಸ್ತಕ ಇಂಗ್ಲಿಷಿಗೆ ಬಂದದ್ದೂ ಅದೇ ವರ್ಷ. ಫುಕುವೋಕಾರನ್ನು ಕನ್ನಡದ ಓದುಗರು ಬಹುಪಾಲು ಪೂರ್ಣಚಂದ್ರ ತೇಜಸ್ವಿಯವರ 'ಸಹಜ ಕೃಷಿ'ಯ ಮೂಲಕ ಬಲ್ಲರು. ಪಾಂಡವಪುರ ತಾಲ್ಲೂಕಿನವರು ಅಷ್ಟು ದೂರವೂ ಹೋಗಬೇಕಿಲ್ಲ. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಇದೆ. ಅಲ್ಲೇ ಸಂತೋಷ್ ಕೌಲಗಿಯವರು ನಡೆಸುವ 'ಹೊಸ ಜೀವನ ದಾರಿ' ಸಹಜ ಕೃಷಿಯ ಮಾತು ಕೃತಿ ಎರಡಕ್ಕೂ ಹೆಸರಾದ ಜಾಗ. ಮಣ್ಣು ಅಗೆಯದೆ, ಕಳೆಯನ್ನು ಶತ್ರುವೆಂದು ಕಾಣದೆ, ಬಿದ್ದ ಎಲೆಯನ್ನು ಬಿದ್ದಲ್ಲೇ ಬಿಟ್ಟು ಬದುಕುವ ಈ ದಾರಿಯನ್ನು ನೋಡಬೇಕೆನ್ನುವವರಿಗೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ ಬಾಗಿಲು ತೆರೆದಿದೆ.

ಪರ್ಮಾಕಲ್ಚರಿನ ತಿರುಳು ಸರಳ. ಯಾವುದನ್ನು ಎಲ್ಲಿ ಇಟ್ಟರೆ ಒಂದರ ಕಸ ಇನ್ನೊಂದಕ್ಕೆ ಊಟವಾಗುತ್ತದೆ ಎಂದು ಮೊದಲೇ ಯೋಚಿಸುವುದು. ಒಂದು ಗಿಡ ಎರಡು ಮೂರು ಕೆಲಸ ಮಾಡಬೇಕು, ಒಂದು ಕೆಲಸಕ್ಕೆ ಎರಡು ಮೂರು ದಾರಿ ಇರಬೇಕು. ನೀರು ಬೋರ್‌ವೆಲ್‌ನಿಂದ ಮಾತ್ರ ಬರುವ ತೋಟ ಮೋಟಾರ್ ಸುಟ್ಟ ವಾರ ಸಾಯುತ್ತದೆ. ಚಾವಣಿಯಿಂದಲೂ ಬಚ್ಚಲಿಂದಲೂ ನೀರು ಬರುವ ತೋಟ ಬದುಕುತ್ತದೆ. ಇನ್ನೊಂದು ಸೂತ್ರ ವಲಯಗಳದ್ದು. ಮನೆಯೇ ಸೊನ್ನೆಯ ವಲಯ, ದಿನಕ್ಕೆ ಹತ್ತು ಸಲ ಕೈಯಾಡುವ ಅಡುಗೆಮನೆ ಬಾಗಿಲು ಒಂದನೆಯದು, ದಿನಕ್ಕೊಮ್ಮೆ ಹೋಗಿಬರುವ ಹಣ್ಣಿನ ಗಿಡಗಳ ಜಾಗ ಎರಡನೆಯದು, ಆಮೇಲೆ ಬೆಳೆಯ ನೆಲ, ಸೌದೆ ಮೇವಿನ ನೆಲ, ಕೊನೆಯದಾಗಿ ಮನುಷ್ಯ ಕೈಯಿಡದ ಕಾಡು. ಇದನ್ನು ಓದಿದಾಗ ನನಗೆ ಹೊಸದೆನಿಸಲಿಲ್ಲ. ನಾಗಮಂಗಲದ ಕಡೆಯ ಯಾವುದೇ ಹಳೆಯ ಹಳ್ಳಿಯ ಮಧ್ಯದಿಂದ ಹೊರಕ್ಕೆ ನಡೆದರೆ ಇದೇ ಸಾಲು ಸಿಗುತ್ತದೆ: ಮನೆ, ಹಿತ್ತಲು, ತೆಂಗಿನ ತೋಟ, ರಾಗಿ ಹೊಲ, ಗೋಮಾಳ ಮತ್ತು ಗುಂಡುತೋಪು, ಅದರಾಚೆ ಗುಡ್ಡದ ಕುರುಚಲು ಕಾಡು. ಗೋಮಾಳಗಳು ಸೈಟುಗಳಾದ ಮೇಲೆ ಈ ಸಾಲು ಮುರಿಯಿತು. ಈಗ ಮೂವತ್ತು ನಲವತ್ತರ ಸೈಟಿನಲ್ಲಿ ಉಳಿದಿರುವುದು ಮೊದಲೆರಡು ವಲಯ ಮಾತ್ರ. ಅವೆರಡನ್ನಾದರೂ ಚೆನ್ನಾಗಿ ಮಾಡಿಕೊಳ್ಳೋಣ ಎಂಬುದೇ ನನ್ನ ಆಸೆ.

ಆದರೆ ಹೊರಗಿನ ಪುಸ್ತಕ ನೋಡಿ ನಕ್ಷೆ ಬರೆದರೆ ಇಲ್ಲಿ ನಡೆಯುವುದಿಲ್ಲ. ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ನೀರಿನ ವಿಚಾರದಲ್ಲಿ ಎರಡು ಬೇರೆ ಲೋಕ. ಮಳೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು. ನೆಲಕ್ಕೆ ಸಿಗುವ ನೀರು ಮಾತ್ರ ಒಂದೇ ಅಲ್ಲ. ಶ್ರೀರಂಗಪಟ್ಟಣದಲ್ಲಿ ಬಂಗಾರದೊಡ್ಡಿ ನಾಲೆ, ವಿರಿಜಾ ನಾಲೆ, ಚಿಕ್ಕದೇವರಾಜಸಾಗರ ನಾಲೆಗಳು ಕನ್ನಂಬಾಡಿ ಅಣೆಕಟ್ಟೆಗಿಂತ ಮೊದಲೇ ಕಾವೇರಿಯನ್ನು ಗದ್ದೆಗೆ ತಂದಿದ್ದವು. ಟಿಪ್ಪುವಿನ ಲಾಲ್‌ಬಾಗ್ ಇದ್ದದ್ದು, ಅಂಜೂರಕ್ಕೆ ಗಂಜಾಂ ಹೆಸರಾದದ್ದು ಈ ನೀರಿನ ಮಡಿಲಲ್ಲೇ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ (ಕೆ.ಆರ್.ಎಸ್.) ಕೆಲಸ 1932ರ ಹೊತ್ತಿಗೆ ಮುಗಿದು ವಿಶ್ವೇಶ್ವರಯ್ಯ ನಾಲೆಗೆ ನೀರು ಹರಿದ ಮೇಲೆ ಪಾಂಡವಪುರದ ತಗ್ಗು ಭಾಗವೂ ಕಬ್ಬು ಭತ್ತದ ಸೀಮೆಯಾಯಿತು. ಕೆ.ಆರ್.ಪೇಟೆಯಲ್ಲಿ ಹೇಮಾವತಿಯ ದಂಡೆ, ಮಂದಗೆರೆ ಹೇಮಗಿರಿ ಅಣೆಕಟ್ಟೆಗಳ ಕೆಳಗಿನ ಊರುಗಳು ಹಸಿರು. ಅದೇ ತಾಲ್ಲೂಕಿನ ಎತ್ತರದ ಹಳ್ಳಿಗಳು ಕೆರೆ ನಂಬಿದವು. ನಾಗಮಂಗಲವಂತೂ ರಾಗಿ, ಹುರುಳಿ, ತೆಂಗು ಮತ್ತು ಆಕಾಶ ನೋಡುವ ಕೆಂಪು ನೆಲ.

ಹೀಗಾಗಿ ನಾಲೆ ಕೆಳಗಿನ ಮನೆಗೆ ನೀರು ಹೊರಹೋಗುವ ದಾರಿ ಬೇಕು. ನಾಗಮಂಗಲದ ಮನೆಗೆ ನೀರು ಹೊರಹೋಗದಂತೆ ತಡೆಯುವ ದಾರಿ ಬೇಕು. ಒಂದೇ ನಕ್ಷೆಯನ್ನು ಎರಡೂ ಕಡೆ ಹಾಕಿದರೆ ಒಂದು ಕಡೆ ಬೇರು ಕೊಳೆಯುತ್ತದೆ, ಇನ್ನೊಂದು ಕಡೆ ಒಣಗುತ್ತದೆ. ಪರ್ಮಾಕಲ್ಚರ್ ಕಲಿಸುವ ಎಷ್ಟೋ ಮಂದಿ ಹೋದಲ್ಲೆಲ್ಲ ಮೊದಲು ಇಂಗುಗುಂಡಿ ತೋಡಿ ಎನ್ನುತ್ತಾರೆ. ಗದ್ದೆ ಬಯಲಿನಲ್ಲಿ ಎದ್ದ ಶ್ರೀರಂಗಪಟ್ಟಣದ ಬಡಾವಣೆಯಲ್ಲಿ ಇಂಗುಗುಂಡಿ ತೋಡಿದರೆ ನಾಲೆಗೆ ನೀರು ಬಿಟ್ಟ ದಿನದಿಂದ ಅದು ಸೊಳ್ಳೆಯ ಹೊಂಡ, ಬೇರೇನೂ ಅಲ್ಲ.

ನಾಗಮಂಗಲದ ಇಳಿಜಾರು ಸೈಟಿನಿಂದ ಶುರುಮಾಡೋಣ. ಇಲ್ಲಿ ಮೊದಲ ಸಲಕರಣೆ ಗುದ್ದಲಿ ಅಲ್ಲ, ಇಂಗ್ಲಿಷಿನ 'ಎ' ಅಕ್ಷರದ ಆಕಾರದಲ್ಲಿ ಕಟ್ಟಿದ ಮೂರು ಕೋಲು. ಸರ್ವೆ ಮರದ್ದೋ ಬಿದಿರಿನದ್ದೋ ಎರಡು ಸಮ ಉದ್ದದ ಕೋಲನ್ನು ತುದಿಯಲ್ಲಿ ಬಿಗಿದು, ಕಾಲಗಲಿಸಿ, ನಡುವೆ ಅಡ್ಡಪಟ್ಟಿ ಕಟ್ಟಿ, ತುದಿಯಿಂದ ದಾರದಲ್ಲಿ ಒಂದು ಕಲ್ಲು ಇಳಿಬಿಡಿ. ಸಮತಟ್ಟಾದ ನೆಲದಲ್ಲಿ ದಾರ ಅಡ್ಡಪಟ್ಟಿಯನ್ನು ಮುಟ್ಟುವ ಕಡೆ ಗುರುತು ಹಾಕಿ. ಕೋಲಿನ ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ನೋಡಿ, ಎರಡು ಗುರುತಿನ ನಡುಬಿಂದುವೇ ಸರಿಯಾದ ಮಟ್ಟ. ಈಗ ಒಂದು ಕಾಲನ್ನು ಇಟ್ಟಲ್ಲೇ ಇಟ್ಟು, ಇನ್ನೊಂದನ್ನು ದಾರ ನಡುಬಿಂದುವಿಗೆ ಬರುವವರೆಗೆ ಹಿಂದೆ ಮುಂದೆ ಮಾಡಿ ಗೂಟ ಬಡಿಯುತ್ತ ಹೋಗಿ. ಹಿತ್ತಲಿನ ಅಡ್ಡಕ್ಕೆ ಗೂಟಗಳ ಒಂದು ಡೊಂಕು ಸಾಲು ಮೂಡುತ್ತದೆ. ಆ ಸಾಲಿನ ಮೇಲೆ ಎಲ್ಲಿ ನಿಂತರೂ ಎತ್ತರ ಒಂದೇ. ಅದರ ಉದ್ದಕ್ಕೂ ಒಂದಡಿ ಆಳ, ಎರಡಡಿ ಅಗಲದ ಕಾಲುವೆ ತೋಡಿ, ಮಣ್ಣನ್ನು ತಗ್ಗಿನ ಕಡೆಗೆ ಹಾಕಿ ಬದು ಮಾಡಿ. ಓಡುವ ನೀರು ಇಲ್ಲಿ ನಿಲ್ಲುತ್ತದೆ, ನಿಂತ ನೀರು ಇಂಗುತ್ತದೆ, ಬದುವಿನ ಕೆಳಗೆ ನೆಟ್ಟ ನಿಂಬೆ, ಸೀಬೆ, ನುಗ್ಗೆಯ ಬೇರು ಅದನ್ನು ಹುಡುಕಿಕೊಂಡು ಬರುತ್ತದೆ. ಕಾಲುವೆಯ ಒಂದು ತುದಿಯಲ್ಲಿ ಹೆಚ್ಚಾದ ನೀರು ಹೊರಹೋಗಲು ಕಲ್ಲು ಹಾಸಿದ ಕೋಡಿ ಇರಲೇಬೇಕು. ಕೆರೆಗೆ ಕೋಡಿ ಇಡದ ಊರುಂಟೆ? ಹಿತ್ತಲಿನ ಬದುವಿಗೂ ಅದೇ ನ್ಯಾಯ. ಕಾಲುವೆ ಮನೆಯ ಪಾಯದಿಂದ ಹತ್ತಡಿಯಾದರೂ ದೂರವಿರಲಿ.

ತೆಂಗಿನ ಸಿಪ್ಪೆಗೆ ಇಲ್ಲಿ ಬರವಿಲ್ಲ. ಅದನ್ನು ಗಿಡದ ಬುಡದಿಂದ ಸ್ವಲ್ಪ ದೂರಕ್ಕೆ ತೋಡಿದ ಗುಂಡಿಯಲ್ಲಿ ಒಳಮುಖ ಮೇಲೆ ಬರುವಂತೆ ಜೋಡಿಸಿ ಮಣ್ಣು ಮುಚ್ಚಿದರೆ ಮಳೆನೀರು ಹೀರಿ ವಾರಗಟ್ಟಲೆ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು (ಕೆರೆಮಣ್ಣು) ಹೊಡೆಸುವ ವಾಡಿಕೆ ಇನ್ನೂ ಇರುವ ಊರುಗಳಲ್ಲಿ ಒಂದು ಟ್ರ್ಯಾಕ್ಟರ್ ಗೋಡನ್ನು ಹಿತ್ತಲಿಗೂ ಹಾಕಿಸಿಕೊಳ್ಳಿ. ಮರಳು ಹೆಚ್ಚಿರುವ ಕೆಂಪು ನೆಲಕ್ಕೆ ಅದಕ್ಕಿಂತ ಒಳ್ಳೆಯ ಮದ್ದು ನಾನು ಕಾಣೆ.

ನಾಲೆ ಬಯಲಿನಲ್ಲಿ ಇದೆಲ್ಲ ತಲೆಕೆಳಗು. ಕೆ.ಆರ್.ಎಸ್. ತುಂಬಿ ನಾಲೆ ಹರಿಯುವ ತಿಂಗಳುಗಳಲ್ಲಿ ಒಂದೂವರೆ ಅಡಿ ತೋಡಿದರೆ ಒರತೆ ಕಾಣುವ ಸೈಟುಗಳಿವೆ. ಅಲ್ಲಿ ಮೊದಲ ಕೆಲಸ ಏರುಮಡಿ. ಒಂದಡಿ ಒಂದೂವರೆ ಅಡಿ ಎತ್ತರಕ್ಕೆ ಮಡಿ ಎತ್ತಿ, ಎರಡು ಮಡಿಯ ನಡುವಿನ ಓಡಾಟದ ದಾರಿಯನ್ನೇ ಬಸಿಗಾಲುವೆ ಮಾಡಬೇಕು. ಪರಂಗಿ ಮತ್ತು ನುಗ್ಗೆಗೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ, ಅವು ಎತ್ತರದ ದಿಬ್ಬದ ಮೇಲೆ. ತಗ್ಗಿನಲ್ಲಿ ಕೆಸು, ಒಂದೆಲಗ, ಹೊನಗೊನೆ ತಾವಾಗಿಯೇ ಹಬ್ಬುತ್ತವೆ. ನೆಲ ಒಣಗಿದಾಗ ಬಿಳಿ ಉಪ್ಪು ಮೇಲೆದ್ದು ಕಂಡರೆ ಅದು ಚೌಳು. ಅಂಥ ಕಡೆ ಮಾವು ನೆಟ್ಟು ಕೊರಗುವುದಕ್ಕಿಂತ ತೆಂಗು, ಪಾಲಕ್, ಬೀಟ್‌ರೂಟ್‌ನಂಥ ಉಪ್ಪು ತಾಳುವವನ್ನು ಇಟ್ಟುಕೊಂಡು, ಒಂದೆರಡು ಮಳೆಗಾಲ ಡಯಂಚ ಬಿತ್ತಿ ಹೂ ಬರುವ ಮೊದಲೇ ಕತ್ತರಿಸಿ ಮಣ್ಣಿಗೆ ಸೇರಿಸುವುದು ಮೇಲು. ಮಣ್ಣಿನ ಪರೀಕ್ಷೆಗೆ ಮಂಡ್ಯದ ವಿ.ಸಿ. ಫಾರಂ ಇದೆ. ಕೃಷಿ ವಿಜ್ಞಾನ ಕೇಂದ್ರವೂ ಅಲ್ಲೇ. ಜಿಪ್ಸಂ ಬೇಕೋ ಬೇಡವೋ ಎನ್ನುವುದನ್ನು ಅವರ ವರದಿ ಹೇಳಲಿ, ಗೊಬ್ಬರದ ಅಂಗಡಿಯವರು ಬೇಡ.

ನಾಲೆಯಿದೆ ಎಂದು ನಂಬಿ ಕೂರುವಂತೆಯೂ ಇಲ್ಲ. 2023ರ ಬರದಲ್ಲಿ ಕೆ.ಆರ್.ಎಸ್. ತುಂಬಲಿಲ್ಲ, ನಾಲೆ ಬಯಲಿನ ಬೆಳೆಗಳೇ ಬಾಯಾರಿದವು. ಹಾಗಾಗಿ ಎರಡು ಲೋಕಕ್ಕೂ ಒಂದೇ ಬಗೆಯಾಗಿ ಒದಗುವ ನೀರು ಎರಡು ಇವೆ, ಒಂದು ಬಚ್ಚಲಿನದು, ಇನ್ನೊಂದು ಚಾವಣಿಯದು.

ಹಳೆಯ ಮನೆಗಳಲ್ಲಿ ಬಚ್ಚಲಿನ ನೀರು ಚರಂಡಿ ಕಂಡದ್ದೇ ಇಲ್ಲ. ಗೋಡೆಯ ತೂತಿನಿಂದ ಹೊರಬಿದ್ದ ನೀರು ಬಾಳೆಯ ಬುಡಕ್ಕೆ, ಅಲ್ಲಿಂದ ಮಿಕ್ಕಿದ್ದು ಕೆಸುವಿನ ಪಾತಿಗೆ, ಅದೂ ಮಿಕ್ಕರೆ ಕರಿಬೇವಿಗೆ. ಪಾತ್ರೆ ತೊಳೆದ ನೀರಿಗೆ ಬೇರೆ ದಾರಿ, ಅದು ಕುಂಬಳದ ಬಳ್ಳಿಗೆ. ಆ ಹಿತ್ತಲನ್ನು ಆಳುತ್ತಿದ್ದವರು ಹೆಂಗಸರು. ಯಾವ ಗಿಡ ಎಲ್ಲಿರಬೇಕು ಎನ್ನುವುದು ಅವರ ನಡಿಗೆಯಿಂದಲೇ ಗೊತ್ತಾಗುತ್ತಿತ್ತು. ಒಗ್ಗರಣೆ ಚಟಗುಟ್ಟುವಾಗ ಓಡಿಹೋಗಿ ಕಿತ್ತುತರುವಷ್ಟು ಹತ್ತಿರದಲ್ಲಿ ಕರಿಬೇವು, ಮಗುವಿಗೆ ಕೆಮ್ಮು ಬಂದ ರಾತ್ರಿ ಕತ್ತಲಲ್ಲೂ ಕೈಗೆ ಸಿಗುವಂತೆ ದೊಡ್ಡಪತ್ರೆ. ಪರ್ಮಾಕಲ್ಚರಿನ ಒಂದನೆಯ ವಲಯ ಇದೇ. ಇವರನ್ನು ಯಾರೂ ವಿನ್ಯಾಸಕಾರರೆಂದು ಕರೆಯಲಿಲ್ಲ ಎಂಬುದು ನನ್ನನ್ನು ಕಾಡುವ ಸಂಗತಿ.

ಇಂದಿನ ಮನೆಗೆ ಅದನ್ನು ಹೀಗೆ ಮಾಡಿಕೊಳ್ಳಬಹುದು. ಬಚ್ಚಲಿನ ಪೈಪನ್ನು ಶೌಚದ ಪೈಪಿನಿಂದ ಬೇರ್ಪಡಿಸಿ ಹಿತ್ತಲಿಗೆ ತನ್ನಿ. ಮನೆ ಕಟ್ಟುವಾಗಲೇ ಪ್ಲಂಬರ್‌ಗೆ ಹೇಳಿದರೆ ಖರ್ಚು ಅತ್ಯಲ್ಪ, ಆಮೇಲೆ ಟೈಲ್ಸ್ ಒಡೆಯಬೇಕಾಗುತ್ತದೆ. ಪೈಪಿನ ತುದಿಯಲ್ಲಿ ಆರಡಿ ಅಗಲ, ಎರಡರಿಂದ ಮೂರಡಿ ಆಳದ ಬಾಣಲಿಯಾಕಾರದ ಗುಂಡಿ ತೋಡಿ, ತೆಗೆದ ಮಣ್ಣನ್ನು ಸುತ್ತ ದಿಬ್ಬ ಮಾಡಿ. ಗುಂಡಿಗೆ ತಳದಲ್ಲಿ ದಪ್ಪ ಕಟ್ಟಿಗೆ, ತೆಂಗಿನ ಮಟ್ಟೆ, ಅದರ ಮೇಲೆ ಗರಿ, ಒಣ ಎಲೆ, ಮೇಲೆ ಅಡುಗೆಮನೆಯ ಕಸ. ದಿಬ್ಬದ ಮೇಲೆ ಸುತ್ತಲೂ ಐದಾರು ಬಾಳೆ ಕಂದು, ನಡುನಡುವೆ ಕೆಸು, ಹೊರಗಿನ ಇಳಿಜಾರಿಗೆ ಗೆಣಸಿನ ಬಳ್ಳಿ. ನಾಲ್ಕು ಜನರ ಮನೆಯಲ್ಲಿ ತಲೆಗೆ ಎರಡು ಬಕೆಟ್ ಲೆಕ್ಕ ಹಿಡಿದರೂ ದಿನಕ್ಕೆ 120 ಲೀಟರ್ ಬಚ್ಚಲ ನೀರು ಬರುತ್ತದೆ. ಬೆಳೆದ ಬಾಳೆ ಬೇಸಿಗೆಯಲ್ಲಿ ದಿನಕ್ಕೆ 15ರಿಂದ 20 ಲೀಟರ್ ಕುಡಿಯುತ್ತದೆ. ಆರು ಬಾಳೆಗೆ ಲೆಕ್ಕ ಸರಿಹೋಯಿತು. ಗುಂಡಿಯಲ್ಲಿ ನೀರು ನಿಂತು ಕಾಣುವಂತಿದ್ದರೆ ಕಸ ಕಡಿಮೆ ಹಾಕಿದ್ದೀರಿ ಎಂದರ್ಥ, ಇನ್ನಷ್ಟು ತುಂಬಿ. ವರ್ಷದ ಕೊನೆಗೆ ತಳದಿಂದ ಕಪ್ಪು ಗೊಬ್ಬರ ತೆಗೆದು ಸೊಪ್ಪಿನ ಮಡಿಗೆ ಹಾಕಬಹುದು. ಹಸಿಯಾಗಿ ತಿನ್ನುವ ಕೊತ್ತಂಬರಿ, ಸೌತೆಗೆ ಮಾತ್ರ ಬಚ್ಚಲ ನೀರು ಬೇಡ. ಬಟ್ಟೆ ಒಗೆಯುವ ಪುಡಿಯ ನೀರನ್ನು ಚೌಳು ನೆಲಕ್ಕೆ ಬಿಡಲೇಬಾರದು, ಅದರ ಸೋಡಿಯಂ ಇರುವ ಕೇಡನ್ನು ಹೆಚ್ಚಿಸುತ್ತದೆ.

ಇನ್ನು ಚಾವಣಿ. ಸಾವಿರ ಚದರಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. 700 ಮಿಲಿಮೀಟರ್ ಮಳೆಯಲ್ಲಿ ಐದನೇ ಒಂದು ಪಾಲು ಸೋರಿ ಆರಿ ಹೋಯಿತೆಂದು ಬಿಟ್ಟರೂ ವರ್ಷಕ್ಕೆ 52 ಸಾವಿರ ಲೀಟರ್. ಒಂದು ಸಾವಿರ ಲೀಟರಿನ ಟ್ಯಾಂಕು ತುಂಬಲು 13–14 ಮಿಲಿಮೀಟರಿನ ಒಂದು ಹದಮಳೆ ಸಾಕು. ಇನ್ನೂರು ಚದರಡಿಯ ತರಕಾರಿ ಮಡಿಗೆ ಬೇಸಿಗೆಯಲ್ಲಿ ದಿನಕ್ಕೆ 75 ಲೀಟರ್ ಬೇಕೆಂದರೂ ಆ ಟ್ಯಾಂಕು ಎರಡು ವಾರದ ಹತ್ತಿರ ಬರುತ್ತದೆ. ಮಳೆ ಸುರಿಯುವಾಗ ತಾರಸಿಯ ಪೈಪು ರಸ್ತೆಗೆ ನೀರು ಉಗುಳುವುದನ್ನೂ, ಮಾರನೇ ವಾರ ಅದೇ ಮನೆಗೆ ಟ್ಯಾಂಕರ್ ಬಂದು ನಿಲ್ಲುವುದನ್ನೂ ಒಟ್ಟಿಗೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಮೇಲುಕೋಟೆಯ ಗುಡ್ಡದ ಮೇಲೆ ನಮ್ಮ ಹಿಂದಿನವರು ಕಲ್ಯಾಣಿ, ಅಕ್ಕತಂಗಿ ಕೊಳ ಎಂದು ಕೊಳದ ಮೇಲೆ ಕೊಳ ಕಟ್ಟಿ ಬಂಡೆಯ ಮೇಲೆ ಬಿದ್ದ ಮಳೆಯನ್ನು ಹಿಡಿದಿಟ್ಟರು. ತಾರಸಿಯೂ ಒಂದು ಬಂಡೆಯೇ.

ಬಿಸಿಲಿನ ಬಗ್ಗೆ ಒಂದು ಎಚ್ಚರಿಕೆ. ಯುರೋಪು ಅಮೆರಿಕದ ಪುಸ್ತಕಗಳು ಬಿಸಿಲನ್ನು ಹೇಗೆ ಹಿಡಿಯಬೇಕು ಎಂದು ಪುಟಗಟ್ಟಲೆ ಹೇಳುತ್ತವೆ. ಎತ್ತರದ ಮರವೆಲ್ಲ ಉತ್ತರಕ್ಕಿರಲಿ, ದಕ್ಷಿಣ ತೆರೆದಿರಲಿ ಎನ್ನುತ್ತವೆ. ಅವರ ಚಳಿಗೆ ಅದು ಸರಿ. ನಾವಿರುವುದು 12–13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಇಲ್ಲಿ ಬಿಸಿಲಿಗೆ ಕೊರತೆಯಿಲ್ಲ, ಕೊರತೆ ನೆರಳಿನದು. ಮಾರ್ಚ್, ಏಪ್ರಿಲ್‌ನ ಇಳಿಹೊತ್ತಿನ ಪಡುವಣ ಬಿಸಿಲು ಮೆಣಸಿನ ಗಿಡದ ಹೂವನ್ನೇ ಉದುರಿಸುತ್ತದೆ. ತರಕಾರಿ ಮಡಿಯ ಪಡುವಣಕ್ಕೆ ನುಗ್ಗೆ, ಅಗಸೆಯಂಥ ಜಾಳು ನೆರಳಿನ ಮರ, ಇಲ್ಲವೇ ಹೀರೆ, ಚಪ್ಪರದವರೆಯ ಚಪ್ಪರ ಇರಲಿ. ಗೋಡೆಯೂ ತಂಪಾಗುತ್ತದೆ, ಫ್ಯಾನಿನ ಬಿಲ್ಲೂ ಇಳಿಯುತ್ತದೆ.

ಬಿಸಿಲಿಗಿಂತ ದೊಡ್ಡ ಕಳ್ಳ ಆಷಾಢದ ಗಾಳಿ. ಜೂನ್, ಜುಲೈನಲ್ಲಿ ನಮ್ಮ ಕಡೆ ಮುಂಗಾರು ನೀರಿಗಿಂತ ಹೆಚ್ಚಾಗಿ ಗಾಳಿಯನ್ನೇ ತರುತ್ತದೆ. ಪಡುವಣ, ನೈರುತ್ಯದಿಂದ ಬೀಸುವ ಆ ಗಾಳಿ ಬಾಳೆಯ ಎಲೆ ಸೀಳಿ, ಪರಂಗಿಯ ಕುತ್ತಿಗೆ ಮುರಿದು, ಮಣ್ಣಿನ ತೇವವನ್ನೂ ಹೀರಿಕೊಂಡು ಹೋಗುತ್ತದೆ. ಆ ದಿಕ್ಕಿಗೆ ಕಾಂಪೌಂಡ್ ಗೋಡೆ ಕಟ್ಟಿದರೆ ಗಾಳಿ ಮೇಲೆ ಹತ್ತಿ ಈಚೆಗೆ ಸುಳಿಯಾಗಿ ಬೀಳುತ್ತದೆ. ಗಾಳಿಯನ್ನು ಸೋಸುವ ಗಿಡಬೇಲಿ ವಾಸಿ. ಗೊಬ್ಬರದ ಗಿಡದ ಗೂಟ ಊರಿ, ನಡುವೆ ಲಕ್ಕಿ, ಆಡುಸೋಗೆ ಹಾಕಿ. ಆಡುಸೋಗೆಗೆ ಮೇಕೆ ಬಾಯಿ ಹಾಕುವುದಿಲ್ಲ. ಗೊಬ್ಬರದ ಗಿಡದ ಸೊಪ್ಪನ್ನು ವರ್ಷಕ್ಕೆ ಎರಡು ಮೂರು ಸಲ ಕಡಿದು ಮಡಿಗೆ ಹೊದಿಸಬಹುದು. ಬೇಲಿ, ಗಾಳಿತಡೆ, ಗೊಬ್ಬರ ಮೂರೂ ಒಂದೇ ಸಾಲಿನಲ್ಲಿ ಸಿಕ್ಕವು.

ಕೋತಿ, ನವಿಲುಗಳನ್ನೂ ನಕ್ಷೆಯಲ್ಲಿ ಬರೆದುಕೊಳ್ಳಬೇಕು. ಮೇಲುಕೋಟೆಯಲ್ಲಿ ಸೀಬೆ ಪರಂಗಿ ನೆಟ್ಟವರು ಕೋತಿಗೆ ಬೆಳೆದುಕೊಟ್ಟಂತೆ. ಅಲ್ಲಿ ನೆಲದೊಳಗೆ ಬೆಳೆಯುವ ಸುವರ್ಣಗಡ್ಡೆ, ಅರಿಶಿನ, ಶುಂಠಿ, ಬಾಯಿಗೆ ಕಹಿಯಾದ ಹಾಗಲ, ಹುಳಿಯ ನಿಂಬೆ ಇವೇ ದಿಕ್ಕು. ಆದಿಚುಂಚನಗಿರಿಯ ಸುತ್ತ ನವಿಲು ಎಳೆ ಪೈರನ್ನು ಕುಕ್ಕುತ್ತದೆ. ಒಟ್ಲು ಪಾತಿಗೆ ಹಳೆಯ ಸೊಳ್ಳೆಪರದೆ ಕಟ್ಟಿದರೆ ತಿಂಗಳ ಮಟ್ಟಿಗೆ ಸಾಕು.

ಹೊದಿಕೆಯ ವಿಚಾರದಲ್ಲಿ ಈ ಸೀಮೆಯಷ್ಟು ಭಾಗ್ಯವಂತರು ಯಾರೂ ಇಲ್ಲ, ಈ ಸೀಮೆಯಷ್ಟು ದುಂದುಗಾರರೂ ಇಲ್ಲ. ಕಬ್ಬು ಕಡಿದ ಗದ್ದೆಯಲ್ಲಿ ಎಕರೆಗೆ ಮೂರು ನಾಲ್ಕು ಟನ್ ತರಗು ಉಳಿಯುತ್ತದೆ. ಬಹಳ ಕಡೆ ಅದಕ್ಕೆ ಬೆಂಕಿ ಹಾಕುತ್ತಾರೆ. ಸಂಜೆ ಪಾಂಡವಪುರದ ರಸ್ತೆಯಲ್ಲಿ ಬರುವಾಗ ಆಕಾಶ ಕೆಂಪಾಗಿ ಕಂಡರೆ ಅದು ಮಣ್ಣಿನ ಊಟ ಸುಡುವ ಬೆಳಕು. ಸುಡುವ ಮೊದಲು ಗದ್ದೆಯವರನ್ನು ಕೇಳಿ, ಒಂದು ಗಾಡಿ ತರಗು ತಂದು ಮಡಿಯ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹಾಸಿ. ನೀರು ಹಾಕುವ ಕೆಲಸ ಅರ್ಧಕ್ಕೆ ಇಳಿಯುವುದನ್ನು ನೀವೇ ನೋಡುತ್ತೀರಿ. ಆಲೆಮನೆಯ ಬೂದಿ, ರೇಷ್ಮೆ ಮನೆಯ ಹಿಕ್ಕೆ, ತೆಂಗಿನ ಗರಿ ಎಲ್ಲಕ್ಕೂ ಹಿತ್ತಲಲ್ಲಿ ಜಾಗವಿದೆ. ಬೂದಿಯನ್ನು ಮಾತ್ರ ಚೌಳು ನೆಲಕ್ಕೆ ಹಾಕಬೇಡಿ. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ನಿಮ್ಮ ಹಿತ್ತಲಿನಲ್ಲಿ ಯಾವ ವಿಷವನ್ನೂ ಸಿಂಪಡಿಸಬೇಡಿ, ಬೇವಿನ ಔಷಧಿಯನ್ನೂ ಸಹ. ಗಾಳಿಯಲ್ಲಿ ಹೋಗಿ ಎಲೆಯ ಮೇಲೆ ಕೂತದ್ದು ರೇಷ್ಮೆ ಹುಳುವಿಗೆ ಸಾವು.

ಪುಸ್ತಕಗಳು ಹೇಳದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಕಬ್ಬು ಭತ್ತದ ಸೀಮೆಯೆಂದರೆ ಇಲಿಯ ಸೀಮೆ, ಇಲಿಯ ಹಿಂದೆ ಕೊಳಕುಮಂಡಲ ಹಾವು ಬರುತ್ತದೆ. ದಪ್ಪ ಹೊದಿಕೆ, ಸಿಪ್ಪೆಯ ರಾಶಿ, ಕಟ್ಟಿಗೆಯ ಒಟ್ಟಲು ಅಡುಗೆಮನೆ ಬಾಗಿಲಿನ ಪಕ್ಕ ಇರಬಾರದು. ಬಾಗಿಲಿನಿಂದ ಬಚ್ಚಲವರೆಗೆ, ಬಚ್ಚಲಿನಿಂದ ಸೊಪ್ಪಿನ ಮಡಿಯವರೆಗೆ ಮೂರಡಿ ಅಗಲದ ಬೋಳು ದಾರಿ, ಅದರ ಮೇಲೊಂದು ದೀಪ ನಕ್ಷೆಯ ಭಾಗವಾಗಿರಲಿ. ಹೊದಿಕೆಗೆ ಬರಿಗೈ ಹಾಕಬೇಡಿ, ಮೊದಲು ಕೋಲಿನಿಂದ ತಟ್ಟಿ. ನಾಗಮಂಗಲದ ಒಣ ನೆಲದಲ್ಲಿ ಹೊದಿಕೆಗೆ ಗೆದ್ದಲು ಬರುತ್ತದೆ, ಗಿಡದ ಬುಡದಿಂದ ಒಂದು ಗೇಣು ಬಿಟ್ಟು ಹಾಸಿದರೆ ಅದು ಸತ್ತದ್ದನ್ನು ತಿಂದು ಗಿಡವನ್ನು ಬಿಡುತ್ತದೆ. ನಾಲೆ ಬಯಲಿನ ಒದ್ದೆಯಲ್ಲಿ ದೊಡ್ಡ ಬಸವನಹುಳು ಬರುತ್ತದೆ, ಮಳೆಗಾಲದಲ್ಲಿ ಅಲ್ಲಿ ಹೊದಿಕೆ ತೆಳ್ಳಗಿರಲಿ, ಸಂಜೆ ಹೊತ್ತು ಚಿಮಟದಿಂದ ಹೆಕ್ಕಿ ಉಪ್ಪುನೀರಿಗೆ ಹಾಕಬೇಕು.

ಯಾವ ಗಿಡದ ಪಕ್ಕ ಯಾವುದು ಎಂದು ಕೇಳುವವರಿಗೆ ನಮ್ಮ ರಾಗಿ ಹೊಲದ ಅಕ್ಕಡಿ ಸಾಲೇ ಪಾಠ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ, ಅಂಚಿಗೆ ಹರಳು. ಒಂದರ ಬೇರು ಮೇಲೆ, ಇನ್ನೊಂದರದು ಆಳದಲ್ಲಿ. ಅವರೆ ತೊಗರಿ ಮಣ್ಣಿಗೆ ಸಾರಜನಕ ಕೊಟ್ಟರೆ ಹುಚ್ಚೆಳ್ಳಿನ ಹಳದಿ ಹೂವು ಜೇನನ್ನು ಕರೆಯುತ್ತದೆ. ಮಳೆ ಕೈಕೊಟ್ಟ ವರ್ಷ ರಾಗಿ ಹೋದರೂ ತೊಗರಿ ಉಳಿಯುತ್ತಿತ್ತು. ಇದನ್ನೇ ಹಿತ್ತಲಿಗೆ ತನ್ನಿ. ತೆಂಗಿನ ಪಾತಿಗೆಂದು ಬುಡದ ಸುತ್ತಲೂ ಆರಡಿ ಬಿಟ್ಟು, ಅದರಾಚೆ ಬಾಳೆ, ಬಾಳೆಯ ನೆರಳಿಗೆ ಅರಿಶಿನ, ಸುವರ್ಣಗಡ್ಡೆ, ಬಿಸಿಲಂಚಿಗೆ ಬದನೆ, ಮೆಣಸು, ಅವುಗಳ ಕಾಲಡಿ ಅಲಸಂದೆ. ತೆಂಗಿಗೆ ಎಂಟರಿಂದ ಇಪ್ಪತ್ತೈದು ವರ್ಷದ ನಡುವೆ ನೆರಳು ಬಲು ದಟ್ಟ, ಆ ಕಾಲದಲ್ಲಿ ಅದರಡಿ ತರಕಾರಿಗೆ ಆಸೆಪಡಬೇಡಿ.

ಒಂದು ಮೂಲೆಯನ್ನು ಹಾಗೇ ಬಿಡಿ, ಏನನ್ನೂ ನೆಡಬೇಡಿ. ಮಳೆ ಬಿದ್ದ ಎರಡು ವಾರಕ್ಕೆ ಅಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ, ಕೀರೆ, ಕನ್ನೆ ಸೊಪ್ಪು ಎಲ್ಲ ಬರುತ್ತವೆ. ಬೆರಕೆ ಸೊಪ್ಪಿನ ಸಾರು ಮುದ್ದೆ ಉಂಡವರಿಗೆ ಇವುಗಳ ಬೆಲೆ ಹೇಳಬೇಕಿಲ್ಲ. ಒಂದೊಂದನ್ನೂ ಎಳೆ ಕುಡಿ ನೋಡಿ ಚಿವುಟಿ, ಮಡಿಲು ತುಂಬಿಸಿಕೊಂಡು ಬರುತ್ತಿದ್ದ ತಾಯಂದಿರು ಇಂದು ಬದುವಿನ ಮೇಲೆ ಹೋಗಲು ಹೆದರುತ್ತಾರೆ, ಕಳೆನಾಶಕ ಹೊಡೆದಿರುತ್ತಾರೆಂದು. ವಿಷ ಬೀಳದ ಹತ್ತಡಿ ಮೂಲೆ ಈಗ ಹಿತ್ತಲಿನಲ್ಲೇ ಉಳಿಯಬೇಕಾಗಿದೆ.

ಬೀಜಕ್ಕೆ ಬಹಳ ಹುಡುಕಬೇಕಿಲ್ಲ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನೂ, ಟಿಪ್ಪುವಿನ ಕಾಲದ್ದೆನ್ನುವ ಮಾವಿನ ತೋಟದ ಹಳೆಯ ತಳಿಗಳನ್ನೂ ಉಳಿಸಿಕೊಂಡಿದ್ದಾರೆ. ಸಹಜ ಸಮೃದ್ಧ ಸಂಸ್ಥೆಯವರು ನಡೆಸುವ ಬೀಜ ಮೇಳಗಳಲ್ಲಿ ನಾಟಿ ತರಕಾರಿಯ ಬೀಜ ಸಿಗುತ್ತದೆ. ಅದಕ್ಕಿಂತ ಮೊದಲು ನಿಮ್ಮ ಬೀದಿಯ ಹಿರಿಯರ ಮನೆಯಲ್ಲಿ ವಿಚಾರಿಸಿ, ಬೂದಿಯಲ್ಲಿ ಕಲೆಸಿಟ್ಟ ಸೋರೆ, ಹೀರೆ, ಚಪ್ಪರದವರೆಯ ಬೀಜ ಇನ್ನೂ ಇರುತ್ತದೆ.

ಯಾವಾಗ ಶುರುಮಾಡಬೇಕು? ಯುಗಾದಿ ಮುಗಿದ ಮೇಲೆ ಕಾಗದದ ಮೇಲೆ ಸೈಟಿನ ಚಿತ್ರ ಬರೆದು, ಮನೆ, ಸಂಪು, ಪೈಪು, ಇರುವ ಮರ ಗುರುತಿಸಿ. ಏಪ್ರಿಲ್ ಕೊನೆಯ ಭರಣಿ, ಮೇ ತಿಂಗಳ ಕೃತ್ತಿಕೆ ಮಳೆ ಬೀಳುವಾಗ ಕೊಡೆ ಹಿಡಿದು ಹೊರಗೆ ನಿಂತು ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿತು, ಎಲ್ಲಿಗೆ ಹೋಯಿತು ಎಂದು ಬಾಣ ಹಾಕಿ. ಮಳೆ ನಿಂತ ಮೇಲೂ ಒಂದು ಗಂಟೆ ಬಿಟ್ಟು ಮತ್ತೊಮ್ಮೆ ನೋಡಿ, ಇನ್ನೂ ನೀರಿರುವ ಕಡೆಗೆ ಕೆಸು ಎಂದು ಬರೆಯಿರಿ, ಆಗಲೇ ಆರಿದ ಕಡೆಗೆ ನುಗ್ಗೆ. ಬದು, ಏರುಮಡಿ, ಬಾಳೆಗುಂಡಿಯ ಮಣ್ಣು ಕೆಲಸ ಈ ಮಳೆಯ ಹದದಲ್ಲೇ ಮುಗಿಯಲಿ. ಆಷಾಢದಲ್ಲಿ ಗಿಡಬೇಲಿ ಬಿಟ್ಟು ಬೇರೇನೂ ನೆಡಬೇಡಿ, ಗಾಳಿ ಯಾವ ಸಂದಿನಿಂದ ನುಗ್ಗುತ್ತದೆ ಎಂದು ಗಮನಿಸಿ. ನಮ್ಮ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಹಣ್ಣಿನ ಗಿಡಗಳನ್ನು ಆಗಸ್ಟ್ ಕೊನೆಗೆ ನೆಟ್ಟರೆ ಹಸ್ತ, ಚಿತ್ತ, ಸ್ವಾತಿ ಮಳೆಗಳು ಬೇರು ಹಿಡಿಸಿಕೊಡುತ್ತವೆ. ಚಿತ್ತೆಯ ಜಡಿಮಳೆಯ ದಿನ ಕೋಡಿಯ ಹತ್ತಿರ ಹೋಗಿ ನಿಲ್ಲಿ. ಬದು ಒಡೆಯುವುದಿದ್ದರೆ ಆವತ್ತೇ ಒಡೆಯುತ್ತದೆ, ಒಡೆದ ಕಡೆ ಕಲ್ಲು ಹಾಸಿ ಅಗಲ ಮಾಡಿ. ನೆಲದಲ್ಲಿ ತೇವ ಇರುವಾಗಲೇ, ದೀಪಾವಳಿಗೆ ಮುಂಚೆ, ತರಗಿನ ಹೊದಿಕೆ ಬೀಳಲಿ.